ಬಿಳಿ ಹೂವಿನ ತಟ್ಟೆ

ಮಾರ್ನವಮಿಯ ಮಾರನೇ ದಿನ ಅಕ್ಷರ ಕಲಿಯಲು ಐಗಳ ಮಠಕ್ಕೆಂದು ಹೊರಟು ಊರೇ ಬಿಟ್ಟಿದ್ದ ಹೂವಾಡಿಗರ ಮಾಳಿಂಗ, ಎಷ್ಟೋ ವರ್ಷದ ಮೇಲೆ ತಿರುಗಿ ಬಂದಾಗ ಊರಬಾಗಿಲಲ್ಲಿ ಡಂಗುರ ಸಾರುತ್ತಿದ್ದರು: "ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದೊಂದು ಕೊಡಲಾಗುವುದು. ತಪ್ಪಿದವರಿಗೆ ನೇಣು."

ಅವನಣ್ಣ ಕರಿಸಿದ್ದ ಆಗಲೇ ತಪ್ಪಿ ಸೆರೆಯಲ್ಲಿದ್ದ. ಬೆಳಗಾದರೆ ಸೋತವರಿಗೆಲ್ಲ ನೇಣು.

"ಒಗಟಿಗೆ ಏನಂದೆಯಣ್ಣ?" ಮಾಳಿಂಗ ಸರಳಿನಾಚೆಯಿಂದ ಕೇಳಿದ.

"ಏನೂ ಉಳಿಯಲ್ಲ ಅಂದೆ ಕಣೋ. ಎಲ್ಲರೂ ಹಾಗೇ ಅಂದರು. ನೀನು ಬಂದ ದಾರಿ ಹಿಡಿ. ಹೋಗೋದರಲ್ಲಿ ನಿನ್ನ ಮೀರಿಸೋರಿಲ್ಲವಲ್ಲ."

ಆಸ್ಥಾನದಲ್ಲಿ ಪದ್ಮಲೆ ಹಿಡಿಯಿದ್ದ ತಟ್ಟೆಯೊಂದನ್ನು ತೋರಿಸಿದಳು. "ಇದರ ಅಂಚಿನ ಸುತ್ತ ಐದು ಗುಳಿ. ಗುಳಿಗೊಂದು ಹೂ, ಬಿಳಿ ಇಲ್ಲವೇ ಕೆಂಪು. ಎರಡು ಕೆಂಪು ಅಕ್ಕಪಕ್ಕ ಬರಬಾರದು. ಹಿಡಿಯಿಂದ ಎಣಿಸಿದಾಗ ಕೆಂಪಿನ ಜಾಗ ಬದಲಾದರೆ ಅದು ಬೇರೆ ಬಗೆ. ಜೋಡಿಸಬಹುದಾದ ಒಂದೊಂದು ಬಗೆಗೂ ಒಂದೊಂದು ತಟ್ಟೆ ಇಟ್ಟು ಐವರು ದಾಸಿಯರಿಗೆ ಸಮನಾಗಿ ಹಂಚಿದರೆ ಎಷ್ಟು ಉಳಿಯುತ್ತದೆ?"

ಮುಂದೆ ನಿಂತಿದ್ದ ಮುತ್ತಿನ ವ್ಯಾಪಾರಿ, "ಏನೂ ಉಳಿಯದು ತಾಯಿ," ಅಂದ. ಭಟರು ಅವನನ್ನು ಎಳೆದೊಯ್ದರು.

ಮಾಳಿಂಗ ಬೆರಳು ಮಡಿಸಿದ. ಒಂದು ಕೆಂಪಿಟ್ಟರೆ ಐದು ಬಗೆ, ಎರಡಿಟ್ಟರೂ ಐದು. ಕೆಂಪೇ ಇಲ್ಲದ್ದು? ಬರೀ ಬಿಳಿಯ ತಟ್ಟೆ ಹೆಣದ ಮುಂದಿಡುವುದು. ಅರಮನೆಯಲ್ಲಿ ಅದರ ಮಾತೆತ್ತಲು ಯಾರ ನಾಲಗೆಯೂ ಏಳದು. ಊರೂರು ಅಲೆಯುತ್ತ ಸುಡುಗಾಡಿನ ಕಟ್ಟೆಯಲ್ಲಿ ಮಲಗೆದ್ದವನಿಗೆ ಆ ಅಂಜಿಕೆ ಇರಲಿಲ್ಲ.

"ಒಂದು," ಅಂದ.

"ಏಳು ಗುಳಿ, ಏಳು ದಾಸಿಯರಾದರೆ?"

ಮತ್ತೆ ಬೆರಳು ಮಡಿಸಿದ. "ತಲಾ ನಾಲ್ಕು. ಉಳಿಯೋದು ಒಂದೇ."

"ಹತ್ತೊಂಬತ್ತು ಗುಳಿ, ಹತ್ತೊಂಬತ್ತು ಮಂದಿ. ಎಣಿಸುತ್ತ ಕೂತರೆ ಮುದುಕನಾಗುತ್ತೀಯ."

"ಎಣಿಸಲ್ಲ ತಾಯಿ. ಕೆಂಪಿರುವ ಯಾವುದೇ ತಟ್ಟೆಯ ಹೂಗಳನ್ನು ಒಂದೊಂದೇ ಗುಳಿ ಸರಿಸುತ್ತ ಬಂದರೆ ಹತ್ತೊಂಬತ್ತು ಬೇರೆ ಬೇರೆ ತಟ್ಟೆಯಾಗುತ್ತವೆ. ಹತ್ತೊಂಬತ್ತನ್ನು ಸಮಪಾಲು ಮಾಡೋಕಾಗಲ್ಲ, ಅದಕ್ಕೇ ಸುತ್ತು ಮುಗಿಯೋ ಮೊದಲು ಅದೇ ರೂಪ ಮರಳಿ ಬರಲ್ಲ. ಅವನ್ನು ತಲೆಗೊಂದು ಕೊಡಿ. ಹೀಗೇ ಎಲ್ಲ ಹಂಚಿಹೋಗ್ತವೆ. ಬರೀ ಬಿಳಿಯದು ಹೇಗೆ ಸರಿಸಿದರೂ ಅದೇ. ಅದೊಂದು ಉಳಿಯುತ್ತೆ."

ಪದ್ಮಲೆ ತಲೆದೂಗಿದಳು. ಅರಸ, "ಬೇಕಾದ್ದು ಕೇಳು," ಎಂದ.

"ಸೆರೆಯಲ್ಲಿರೋರನ್ನೆಲ್ಲ ಬಿಟ್ಟುಬಿಡಿ, ಒಡೆಯ."

"ಕೇಳಿದ್ದೊಂದು ಅಂತ ತಾನೆ ಸಾರಿಸಿದ್ದು? ಒಂದು ತಲೆ. ಯಾರದು?"

ಮಾಳಿಂಗ ಅಣ್ಣನ ಹೆಸರು ಹೇಳಿದ.

ಅಣ್ಣನನ್ನು ಬಿಡಲು ಸೆರೆಯ ಬಾಗಿಲು ತೆಗೆದಾಗ ಮುತ್ತಿನ ವ್ಯಾಪಾರಿ ಸರಳಿಗೆ ಮುಖ ಒತ್ತಿ ಕೇಳಿದ, "ಏನಪ್ಪ ಅದು, ತಿಳಿದಾದರೂ ಸಾಯ್ತೀನಿ."

"ಒಂದು."

"ಬಾಯಿತನಕ ಬಂದಿತ್ತು," ಎಂದು ಅವನು ಗೋಡೆಗೆ ಒರಗಿದ.

ದಾರಿಯುದ್ದಕ್ಕೂ ಅಣ್ಣ ಮುಂದೆ ಮುಂದೆ ನಡೆದ. ಮನೆ ತಲುಪಿದ್ದೇ ಮಾಳಿಂಗ ಕಂಬಳಿ ಕೊಡವಿ ಸುತ್ತತೊಡಗಿದ.

"ಉಂಡಾದರೂ ಹೋಗೋ," ಅಂದ ಕರಿಸಿದ್ದ.

ಬೆಳಗಾಗಿ ಉಳಿದವರನ್ನು ನೇಣಿಗೆ ಹಾಕುವುದರೊಳಗೆ ಊರ ಗಡಿ ದಾಟಬೇಕಿತ್ತು. ಮಾಳಿಂಗ ಗಂಟು ಬಿಗಿದ.