ನೀರಗಂಟಿಯ ಹಿಮ್ಮಡಿ

ಒಂದಾನೊಂದು ಊರಂತೆ. ಊರ ಮೇಲೊಂದು ಕೆರೆಯಂತೆ. ಕೆರೆಗೊಂದು ತೂಬು, ತೂಬಿಗೊಂದು ಕಾಲುವೆ, ಕಾಲುವೆ ಕಾಯೋಕೆ ಒಬ್ಬ ನೀರಗಂಟಿಯಂತೆ.

ರಾಜ ಎಲ್ಲೋ ದೂರದಲ್ಲಿದ್ದ. ಅವನ ಮುಖ ಊರಲ್ಲಿ ಯಾರೂ ಕಂಡಿರಲಿಲ್ಲ. ಅವರಿಗೆಲ್ಲ ನೀರಗಂಟಿಯೇ ರಾಜ. ಅವನು ನೀರು ಬಿಟ್ಟರೆ ಅನ್ನ. ಕಟ್ಟಿದರೆ ಗಂಜಿ.

ನೀರಗಂಟಿಯನ್ನು ಊರೇ ಆರಿಸುತ್ತಿತ್ತು. ಮಳೆ ಹೊಯ್ದು ಕೆರೆ ತುಂಬಿದ ಮೇಲೆ ಎಲ್ಲರೂ ಕೆರೆಯ ಏರಿ ಮೇಲೆ ಸೇರೋರು. ನೀರಗಂಟಿಯಾಗೋಕೆ ನಿಂತವನ ಮುಂದೆ ಮನೆಗೊಂದು ಕೆರೆಮಣ್ಣಿನ ಮುದ್ದೆ ಇಡೋರು. ಗುಡ್ಡೆ ಅವನ ಮೊಣಕಾಲು ಮುಟ್ಟಿದರೆ ಗುದ್ದಲಿ ಅವನದು. ಮುಟ್ಟದಿದ್ದರೆ ಗುದ್ದಲಿ ಮನೆಮನೆಗೆ ಸರದಿ.

ಇನ್ನೊಂದು ಕಟ್ಟಳೆಯೂ ಇತ್ತಂತೆ. ಗುದ್ದಲಿ ಹಿಡಿಯೋಕೆ ಮೊದಲು ಅವನು ಬರಿಗೈಲಿ, ಬರಿಗಾಲಲ್ಲಿ ಮೊದಲ ನೀರನ್ನು ಕಟ್ಟಕಡೆಯ ಗದ್ದೆವರೆಗೆ ನಡೆಸಿಕೊಂಡು ಹೋಗಬೇಕು. ನೀರು ಆ ಗದ್ದೆ ಮುಟ್ಟೋವರೆಗೆ ಯಾರು ಬೇಕಾದರೂ ತಾವಿಟ್ಟ ಮುದ್ದೆ ವಾಪಸು ತೆಗೆದುಕೊಳ್ಳಬಹುದು. ಆದರೆ ಈ ಕಟ್ಟಳೆ ಮರೆತು ಬಹಳ ಕಾಲವಾಗಿತ್ತು. ಗುಡ್ಡೆ ಎದ್ದ ಕೂಡಲೇ ಊಟಕ್ಕೆ ಎಲೆ ಹಾಕೋರು. ಪಾಯಸ ಬಿಟ್ಟು ಕಾಲುವೆ ಹಿಂದೆ ಯಾರು ಹೋಗ್ತಾರೆ?

ಆ ಕಟ್ಟಕಡೆಯ ಗದ್ದೆ ತಿಪ್ಪಜ್ಜನದು. ತಿಪ್ಪಜ್ಜನ ಹೆಂಡತಿ ದ್ಯಾಮವ್ವ. ಹಿಂದಿನ ಸುಗ್ಗಿ ಮುಗಿದ ಮೇಲೆ ತೀರಿಕೊಂಡಿದ್ದಳು. ಅವಳು ಒಂದು ಕೆಂಪು ಭತ್ತ ಬೆಳೆಯುತ್ತಿದ್ದಳು. ಊರಲ್ಲಿ ಮತ್ತೆ ಯಾರ ಹತ್ತಿರವೂ ಅದಿರಲಿಲ್ಲ. ಕಾಲುವೆ ನೀರು ಬಾರದ ವರ್ಷವೂ ಕೊಡದಲ್ಲಿ ನೀರು ಹೊತ್ತು ಬೀಜದಷ್ಟಾದರೂ ಬೆಳೆದುಕೊಳ್ಳುತ್ತಿದ್ದಳು. ಬೇಯುವಾಗ ಬೀದಿಗೆಲ್ಲ ಘಮ. ಹೋಗೋ ಮುಂಚೆ ಬೀಜ ಆರಿಸಿ, ಬೂದಿ ಕಲಸಿ, ಮಡಕೆಯಲ್ಲಿಟ್ಟು ಬಾಯಿ ಕಟ್ಟಿದ್ದಳು. ಆ ಗಂಟು ಅವಳು ಹಾಕಿದ್ದು. ತಿಪ್ಪಜ್ಜ ಬಿಚ್ಚಿರಲಿಲ್ಲ. ಬಿತ್ತದೆ ಇಟ್ಟರೆ ಬೀಜ ಸಾಯುತ್ತೆ. ಬಿತ್ತೋಣ ಅಂದರೆ ನೀರಿಲ್ಲ.

ನೀರಗಂಟಿಯ ಹೆಸರು ಓಬಳಯ್ಯ. ತಲೆ ನರೆತಿದ್ದರೂ ಗುದ್ದಲಿ ಅವನ ಹೆಗಲು ಬಿಟ್ಟಿರಲಿಲ್ಲ. ಹರೆಯದಲ್ಲಿ ಒಳ್ಳೆಯವನೇ. ಆಗ ಕೊನೆಯ ಗದ್ದೆ ಬದುವಿನ ಮೇಲೇ ಕೂತು, ದ್ಯಾಮವ್ವನ ಕೈಯಿಂದ ಅಂಬಲಿ ಇಸಕೊಂಡು ಕುಡಿಯುತ್ತಿದ್ದ. "ಅಕ್ಕಾ, ಇನ್ನೊಂದಿಷ್ಟು ಮಜ್ಜಿಗೆ ಹುಯ್ಯಿ" ಅನ್ನುತ್ತಿದ್ದ. ನೀರು ಬದು ಮುಟ್ಟಿದ ಮೇಲೇ ಏಳುತ್ತಿದ್ದ. ತಿಪ್ಪಜ್ಜನಿಗೆ ಆ ದಿನಗಳು ನೆನಪಿದ್ದವು. ದ್ಯಾಮವ್ವನ ನಗು, ಓಬಳಯ್ಯನ ಮಾತು, ಕಾಲುವೆಯ ಸದ್ದು, ಎಲ್ಲ ಒಟ್ಟಿಗೆ ನೆನಪಾಗುತ್ತಿದ್ದವು.

ಆಮೇಲೆ ಮೇಲಿನ ಬಯಲಿನವರು ಅವನಿಗೆ ಹೋಳಿಗೆ ಬಡಿಸಿದರು. ಮಂಚ ಹಾಕಿಕೊಟ್ಟರು. ಕಾಲುವೆ ಕವಲೊಡೆಯುವ ಕಡೆ ಓಬಳಯ್ಯ ಒಂದು ಮಣ್ಣಿನ ಹೆಂಟೆ ಉರುಳಿಸಿ, ಕೆಳಗಿನ ಕವಲಿಗೆ ಹಿಮ್ಮಡಿಯಿಂದ ಒತ್ತುತ್ತಿದ್ದ. ನೀರು ಮೇಲಕ್ಕೆ ಹೋಗುತ್ತಿತ್ತು. ಕೆಳಗಿನವರಿಗೆ ಅವನ ಮಾತು ಮಾತ್ರ ಬರುತ್ತಿತ್ತು. "ನಾಳೆ ಬಿಡ್ತೀನಿ ಕಣಜ್ಜ." ಆದರೂ ಮದುವೆಗೆ ಬರೋನು, ಮಣ್ಣಿಗೆ ಬರೋನು. ದ್ಯಾಮವ್ವನ ಚಟ್ಟಕ್ಕೂ ಹೆಗಲು ಕೊಟ್ಟಿದ್ದ. ಹಾಗಾಗಿ ಕೆಳಗಿನವರೂ ಮುದ್ದೆ ಇಡುತ್ತಲೇ ಬಂದರು.

ಹೋದ ವರ್ಷ ಮಾತ್ರ ಗುಡ್ಡೆ ಮೊಣಕಾಲು ಮುಟ್ಟಲಿಲ್ಲ. ಓಬಳಯ್ಯನೇ ಮೊಣಕಾಲು ಸ್ವಲ್ಪ ಬಗ್ಗಿಸಿ ಮುಟ್ಟಿಸಿಕೊಂಡ.

ಈ ವರ್ಷ ಅವನಿಗೆ ಹೆದರಿಕೆ ಹುಟ್ಟಿತಂತೆ. ಮೀಸೆ ಬೋಳಿಸಿಕೊಂಡ. ಕೆಂಪು ರುಮಾಲು ಬಿಟ್ಟು ಬಿಳಿ ರುಮಾಲು ಸುತ್ತಿದ. ಹೋಳಿಗೆ ಬಿಟ್ಟು ರಾಗಿಮುದ್ದೆ ಉಂಡ. ಏರಿ ಮೇಲೆ ಬಂದು ಕೈಮುಗಿದು ನಿಂತ.

"ಹಳೇ ಓಬಳ ಸತ್ತ ಅಂದ್ಕೊಳ್ಳಿ. ಇವನು ಹೊಸಬ. ಮೊದಲ ನೀರು ಕೊನೇ ಗದ್ದೆಗೆ."

ಒಬ್ಬಳು ಮುದುಕಿ ಕೇಳಿದಳು: "ಯಾರಪ್ಪ ನೀನು, ಓಬಳಣ್ಣನ ತಮ್ಮನಾ?"

ಎಲ್ಲರೂ ನಕ್ಕರು. ಓಬಳಯ್ಯನೂ ನಕ್ಕ. ಆದರೆ ಅವನ ಕಣ್ಣು ತುಂಬಿತ್ತಂತೆ. "ನಗಬೇಡ್ರವ್ವ. ಹಳೇ ಕಟ್ಟಳೆಯಂತೆ ಬರಿಗಾಲಲ್ಲಿ ನೀರು ನಡೆಸ್ತೀನಿ. ಹಿಂದೆ ಬನ್ನಿ, ನೋಡಿ."

ತಿಪ್ಪಜ್ಜ ಆ ಕಣ್ಣು ನೋಡಿದ. ಸುಳ್ಳಲ್ಲ ಅನ್ನಿಸಿತು. ಬಾಗಿ ಒಂದು ಮುದ್ದೆ ಇಟ್ಟ. ಎಲ್ಲರೂ ಇಟ್ಟರು. ಗುಡ್ಡೆ ಮೊಣಕಾಲು ದಾಟಿತು.

ತೂಬು ಎತ್ತಿದರು. ನೀರು ಬಂತು. ಓಬಳಯ್ಯ ಮುಂದೆ, ನೀರು ಜೊತೆಗೆ, ಊರು ಹಿಂದೆ. ಅವನು ಹಿಂದಿರುಗಿ ಹಿಂದಿರುಗಿ ಮಾತಾಡುತ್ತಿದ್ದ. "ತಿಪ್ಪಜ್ಜ, ಅಕ್ಕನ ಕೆಂಪು ಭತ್ತ ಈ ಸಲ ಎದೆಯೆತ್ತರ ಬರುತ್ತೆ ನೋಡು." ಹಾಗನ್ನುತ್ತಲೇ ಕವಲು ಬಂತು. ಹಾಗನ್ನುತ್ತಲೇ ಅವನ ಬಲಗಾಲು ಒಂದು ಹೆಂಟೆ ಉರುಳಿಸಿತು. ಹಿಮ್ಮಡಿ ಅದನ್ನು ಕೆಳಗಿನ ಕವಲಿಗೆ ಒತ್ತಿತು. ನೀರು ಮೇಲಕ್ಕೆ ತಿರುಗಿತು. ಓಬಳಯ್ಯ ಇನ್ನೂ ಭತ್ತದ ಮಾತೇ ಆಡುತ್ತಿದ್ದ.

ಊರು ನಿಂತಿತು.

ಅವನು ಅವರ ಮುಖ ನೋಡಿದ. ಆಮೇಲೆ ತನ್ನ ಕಾಲು ನೋಡಿದ. "ಅಯ್ಯೋ, ನಾನಲ್ಲ. ಇದು... ಕಾಲು" ಅಂದ.

"ಹೊಸಬ ಹಳೇ ಕಾಲು ಹಾಕ್ಕೊಂಡು ಬಂದವ್ನೆ" ಅಂದಳು ಮುದುಕಿ.

ಎಲ್ಲರೂ ಏರಿಗೆ ವಾಪಸು ಹೋಗಿ ತಮ್ಮ ತಮ್ಮ ಮುದ್ದೆ ತೆಗೆದುಕೊಂಡರು. ತಿಪ್ಪಜ್ಜನೂ ತೆಗೆದುಕೊಂಡ. ಗುಡ್ಡೆ ಇದ್ದ ಕಡೆ ಒದ್ದೆ ನೆಲ ಉಳಿಯಿತು.

ಸಂಜೆ ಅವನು ತಿಪ್ಪಜ್ಜನ ಬಾಗಿಲಿಗೆ ಬಂದು ಕೂತ. "ಬೇಕಂತ ಮಾಡಲಿಲ್ಲ ಅಜ್ಜ. ಅಕ್ಕನ ಆಣೆ."

ತಿಪ್ಪಜ್ಜನಿಗೆ ಸಿಟ್ಟು ನೆತ್ತಿಗೇರಿತು. ಒಳಗೆ ಹೋದ. ಗೂಟದಲ್ಲಿ ಒಂದು ಮೇಕೆ ಗಂಟೆ ತೂಗುತ್ತಿತ್ತು. ಈಗಿಲ್ಲದ, ದ್ಯಾಮವ್ವನ ಮೇಕೆಯದು. ಕಂಡವರ ಹೊಲಕ್ಕೆ ಬಾಯಿ ಹಾಕೋ ಮೇಕೆ. ದ್ಯಾಮವ್ವ ಅದಕ್ಕೆ ಹೊಡೆಯುತ್ತಿರಲಿಲ್ಲ. "ಅದರ ಬುದ್ಧಿ ಅದು. ಬಾಯಿ ಹಾಕೋ ಮುಂಚೆ ನಂಗೆ ಕೇಳಿಸಿದ್ರೆ ಸಾಕು" ಅಂತ ಗಂಟೆ ಕಟ್ಟಿದ್ದಳು. ಸದ್ದಾದರೆ ಒಲೆ ಮುಂದಿಂದಲೇ "ಏಯ್!" ಅನ್ನುತ್ತಿದ್ದಳು. ಮೇಕೆ ಕತ್ತು ತಿರುಗಿಸುತ್ತಿತ್ತು.

ತಿಪ್ಪಜ್ಜ ಗಂಟೆ ತಂದು ಅಂಗಳಕ್ಕೆ ಎಸೆದ. "ತಗೋ. ಕಾಲಿಗೆ ಕಟ್ಕೋ. ಹೋಗು."

ತಿಪ್ಪಜ್ಜ ಬೈದಿದ್ದು ಅದು. ಓಬಳಯ್ಯ ಗಂಟೆ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡ. ನಿಜವಾಗಲೂ ಕಟ್ಟಿಕೊಂಡ.

ಆ ವರ್ಷ ಗುದ್ದಲಿ ಸರದಿಯಲ್ಲಿ ಸುತ್ತಿತು. ಯಾರ ಕೈಗೆ ಬಂತೋ ಅವರ ಗದ್ದೆಗೆ ನೀರು. ಬದು ಒಡೆದವು, ತಲೆಗಳೂ ಒಡೆದವು. ಕೆರೆ ಬೇಗ ಬತ್ತಿತು. ತಿಪ್ಪಜ್ಜನ ಸರದಿ ಬರುವಾಗ ತೂಬಿನಲ್ಲಿ ಕೆಸರು. ಮಡಕೆ ಬಿಚ್ಚಲಿಲ್ಲ. ಗಂಟು ಮುಟ್ಟಿ ನೋಡಿ ಮತ್ತೆ ಮೂಲೆಗಿಟ್ಟ. ಇನ್ನೊಂದು ವರ್ಷ ಇಟ್ಟರೆ ಮೊಳಕೆ ಬರುತ್ತೋ ಇಲ್ಲವೋ.

ಬೇಸಿಗೆಯಲ್ಲೆಲ್ಲ ಒಣ ಕಾಲುವೆಯಲ್ಲಿ ಗಂಟೆ ಸದ್ದು ಕೇಳುತ್ತಿತ್ತಂತೆ. ಓಬಳಯ್ಯ ಒಬ್ಬನೇ ತೂಬಿನಿಂದ ಕವಲಿಗೆ ಬರುತ್ತಿದ್ದ. ಕಾಲೆತ್ತುತ್ತಿದ್ದ. ಗಂಟೆ ಕಿಣಿ ಅನ್ನುತ್ತಿತ್ತು. ನಿಲ್ಲುತ್ತಿದ್ದ. ಮತ್ತೆ ತೂಬಿಗೆ ಹೋಗುತ್ತಿದ್ದ. "ಓಬಳಣ್ಣನಿಗೆ ಬಿಸಿಲು ತಲೆಗೆ ಹತ್ತಿದೆ" ಅಂದರು ಜನ. ತಿಪ್ಪಜ್ಜ ಅಂಗಳದಲ್ಲಿ ಕೂತು ಕಿವಿಗೊಡುತ್ತಿದ್ದ. ದ್ಯಾಮವ್ವ ಹೋದ ಮೇಲೆ ಮನೆಯಲ್ಲಿ ಆ ಸದ್ದು ಇಲ್ಲವಾಗಿತ್ತು. ದೂರದಿಂದಾದರೂ ಕೇಳುತ್ತಿತ್ತು.

ಮತ್ತೆ ಮಳೆ ಬಂತು. ಕೆರೆ ತುಂಬಿತು. ಊರು ಏರಿ ಮೇಲೆ ಸೇರಿತು.

ಓಬಳಯ್ಯ ಬಂದ. ಮೀಸೆ ಮತ್ತೆ ಬೆಳೆದಿತ್ತು. ತಲೆಗೆ ಅದೇ ಹಳೇ ಕೆಂಪು ರುಮಾಲು.

"ಈ ಸಲ ಯಾರಪ್ಪ?" ಅಂದಳು ಮುದುಕಿ.

"ಅದೇ ಓಬಳ ಕಣವ್ವ. ಕಾಲೂ ಅದೇ. ಅದಕ್ಕೇ ಇದು" ಅಂತ ಬಲಗಾಲು ಅಲ್ಲಾಡಿಸಿದ. ಗಂಟೆ ಕಿಣಿ ಅಂದಿತು.

ಯಾರೂ ಮುಂದೆ ಬರಲಿಲ್ಲ. ತಿಪ್ಪಜ್ಜ ಎದ್ದ. ಸೊಂಟ ಹಿಡಿದುಕೊಂಡು ಬಾಗಿ ಒಂದು ಮುದ್ದೆ ಇಟ್ಟ.

"ವಾಪಸು ತಗೊಳ್ಳೋಕೆ ದಾರಿ ಇದೆಯಲ್ಲ. ಇಡ್ರೋ" ಅಂದ.

ಇಟ್ಟರು. ಗುಡ್ಡೆ ಮೊಣಕಾಲಿನ ಹತ್ತಿರ ಬಂದು ನಿಂತಿತು. ಓಬಳಯ್ಯ ಬಗ್ಗಲಿಲ್ಲ. ಮುದುಕಿ ಅವನ ಮುಖ ನೋಡಿದಳು. ನಿಟ್ಟುಸಿರು ಬಿಟ್ಟು ತನ್ನದೊಂದು ಇಟ್ಟಳು. ಮುಟ್ಟಿತು.

ತೂಬು ಎತ್ತಿದರು. ಓಬಳಯ್ಯ ಮುಂದೆ, ನೀರು ಜೊತೆಗೆ, ಊರು ಹಿಂದೆ. ಈ ಸಲ ಅವನು ಮಾತಾಡಲಿಲ್ಲ. ಕವಲು ಬಂತು. ತಿಪ್ಪಜ್ಜ ಅವನ ಕಾಲನ್ನೇ ನೋಡುತ್ತಿದ್ದ.

ಕಾಲು ಎದ್ದಿತು. ಹೆಂಟೆ ಉರುಳಿತು. ಗಂಟೆ ಕಿಣಿ ಅಂದಿತು.

ಊರೆಲ್ಲ ಕೇಳಿಸಿಕೊಂಡಿತು. ತಿಪ್ಪಜ್ಜನಿಗೆ ಮಾತ್ರ ಇನ್ನೊಂದೂ ಕೇಳಿಸಿತಂತೆ, ಒಲೆ ಮುಂದಿನಿಂದ "ಏಯ್!" ಅಂತ.

ಓಬಳಯ್ಯನ ಹಿಮ್ಮಡಿ ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಅದನ್ನು ಪಕ್ಕಕ್ಕೆ ಇಳಿಸಿದ. ಬಾಗಿ, ಹೆಂಟೆಯನ್ನು ಎರಡೂ ಕೈಯಿಂದ ಎತ್ತಿ ದಡಕ್ಕೆ ಹಾಕಿದ. ನೀರು ಕೆಳಗಿನ ಕವಲಿಗೆ ನುಗ್ಗಿತು. ಅವನು ಅದರ ಜೊತೆಗೆ ನಡೆದ. ಬದು ದಾಟಿ, ಹುಲ್ಲು ದಾಟಿ, ಬಿರುಕು ಬಿಟ್ಟ ಗದ್ದೆಗೆ ನೀರು ಇಳಿಯಿತು. ಬಿರುಕುಗಳು ಗುಳುಗುಳು ಅಂತ ಕುಡಿದವು.

ಓಬಳಯ್ಯ ಬದುವಿನ ಮೇಲೆ ಕೂತ. ಹರೆಯದಲ್ಲಿ ಕೂರುತ್ತಿದ್ದ ಜಾಗದಲ್ಲೇ ಕೂತ.

ಏರಿ ಮೇಲೆ ಒಂದು ಮುದ್ದೆಯೂ ಅಲ್ಲಾಡಲಿಲ್ಲ.

ತಿಪ್ಪಜ್ಜ ಮನೆಗೆ ಹೋಗಿ ದ್ಯಾಮವ್ವ ಕಟ್ಟಿದ ಗಂಟು ಬಿಚ್ಚಿದ. ಮೊಳಕೆ ಎಲ್ಲ ಬರಲಿಲ್ಲ. ಬಂದಷ್ಟು ಸಾಕಾಯಿತು. ಓಬಳಯ್ಯ ಇದ್ದಷ್ಟು ಕಾಲವೂ ಕವಲಿನಲ್ಲಿ ದಿನವೂ ಆ ಗಂಟೆಯ ಸದ್ದಾಗುತ್ತಿತ್ತಂತೆ. ಆಮೇಲೆ ಕೆಳಗಿನ ಗದ್ದೆಗೆ ನೀರು ಬರುತ್ತಿತ್ತಂತೆ.

ಅವರು ಕೆಂಪಕ್ಕಿ ಅನ್ನ ಉಂಡು ಅಲ್ಲಿ ತಣ್ಣಗಿದ್ದರು. ನಾವು ಅವರ ಕತೆ ಕೇಳಿ ಇಲ್ಲಿ ತಣ್ಣಗಿರೋಣ.