ಐವತ್ತು ಗ್ರಾಂ

ಕೋಳಿಯ ಬೆಲೆ ಏರಿದ ಎರಡನೆಯ ಭಾನುವಾರ ಅಂಗಡಿಯ ಪಂಜರದಲ್ಲಿ ಎರಡೇ ಕೋಳಿಗಳು ಉಳಿದಿದ್ದವು.

“ಮೊದಲು ದಪ್ಪದ್ದನ್ನು ಕೇಳುತ್ತಿದ್ದರು, ತಂಗಿ. ಈಗ ಎಲ್ಲರಿಗೂ ಹಗುರವಾದದ್ದೇ ಬೇಕು. ಇವತ್ತು ನಿನ್ನ ಸರದಿ,” ಎಂದು ದಪ್ಪ ಕೋಳಿ ನಕ್ಕಿತು.

“ನಿನಗಿಂತ ನಾನೆಷ್ಟು ಕಡಿಮೆ, ಅಕ್ಕ?” ಎಂದು ಸಣ್ಣ ಕೋಳಿ ಕೇಳಿತು.

“ಬೆಳಿಗ್ಗೆ ತೂಗಿದಾಗ ಐವತ್ತು ಗ್ರಾಂ. ನಾನು ಒಂದು ಕಿಲೋ ಎಂಟುನೂರು.”

ಸಣ್ಣ ಕೋಳಿ ಬಟ್ಟಲಿನ ನೀರನ್ನೆಲ್ಲ ಕುಡಿಯಿತು.

“ಸಾಯುವ ಹೊತ್ತಿಗೆ ಎಂಥ ದಾಹವೇ ನಿನಗೆ!” ಎಂದಿತು ದಪ್ಪ ಕೋಳಿ.

ಅಷ್ಟರಲ್ಲಿ ಹೆಂಗಸೊಬ್ಬಳು ಬಂದು, “ಎರಡನ್ನೂ ತೂಗಿ, ಹಗುರವಾದದ್ದು ಕೊಡಿ,” ಎಂದಳು. ಸಣ್ಣ ಕೋಳಿ ಒಂದು ಕಿಲೋ ಎಂಟುನೂರ ಐವತ್ತು ತೂಗಿತು.

ದಪ್ಪ ಕೋಳಿ ಗಾಬರಿಯಿಂದ ಬಟ್ಟಲಿಗೆ ಕೊಕ್ಕು ಹಾಕಿತು. ಬಟ್ಟಲು ಖಾಲಿಯಾಗಿತ್ತು. ತಕ್ಕಡಿಯ ಮೇಲೆ ಅದು ಗರಿಗಳನ್ನೆಲ್ಲ ಉಬ್ಬಿಸಿಕೊಂಡು ಕೂತಿತು. ತಕ್ಕಡಿ ತೋರಿಸಿದ್ದು ಒಂದು ಕಿಲೋ ಎಂಟುನೂರು.