ಹಳೆಯ ಲೆನ್ಸಿನ ನಿಧಾನ

ವಾರಿಜಾಳ ಡಿಜಿಟಲ್ ಕ್ಯಾಮೆರಾ ಭಾವಚಿತ್ರಕ್ಕೊಂದು ಲೆನ್ಸ್ ಹುಡುಕುತ್ತಿತ್ತು.

"ನಾನು ಕ್ಷಣದಲ್ಲಿ ಫೋಕಸ್ ಮಾಡುತ್ತೇನೆ," ಎಂದಿತು ಹೊಸ ಲೆನ್ಸ್.

"ನನ್ನನ್ನು ಕೈಯಲ್ಲೇ ತಿರುಗಿಸಬೇಕು. ಕಾಯುವುದಾದರೆ ಕರೆ," ಎಂದಿತು ಹಳೆಯ ಲೆನ್ಸ್.

ಕ್ಯಾಮೆರಾ ಹೊಸದನ್ನೇ ಆರಿಸಿತು. ಎದುರಿಗೆ ಕೂತಿದ್ದ ಮಡಕೆ ಮಾಡುವ ಬೋರಮ್ಮ ಎಂದೂ ಫೋಟೊ ತೆಗೆಸಿಕೊಂಡವಳಲ್ಲ. ಚಿತ್ರ ಥಟ್ಟನೆ, ಸ್ಪಷ್ಟವಾಗಿಯೇ ಬಂತು. ಆದರೆ ಅದರಲ್ಲಿದ್ದದ್ದು ಅವಳ ಹೆದರಿಕೆ ಮಾತ್ರ.

"ಇದು ನಾನಲ್ಲ ಕಣವ್ವ," ಎಂದು ವಾರಿಜಾಗೆ ಹೇಳಿ ಬೋರಮ್ಮ ಎದ್ದೇಬಿಟ್ಟಳು.

ಕ್ಯಾಮೆರಾಕ್ಕೆ ನಾಚಿಕೆಯಾಯಿತು. "ಹಿರಿಯರೇ, ನೀವೇ ಬನ್ನಿ," ಎಂದಿತು.

ಬೋರಮ್ಮನನ್ನು ಮತ್ತೆ ಕೂರಿಸಿದ ವಾರಿಜಾ, ಹಳೆಯ ಲೆನ್ಸ್ ಹಾಕಿ ಮೆಲ್ಲಗೆ ತಿರುಗಿಸುತ್ತ, "ಮೊಮ್ಮಗಳು ನಡೀತಾಳೇನಮ್ಮ?" ಎಂದು ಕೇಳಿದಳು. ಮಗುವಿನ ಸುದ್ದಿ ಹೇಳುತ್ತ ಬೋರಮ್ಮ ಕ್ಯಾಮೆರಾವನ್ನೇ ಮರೆತಳು, ನಕ್ಕಳು.

"ಈಗ!" ಎಂದಿತು ಹಳೆಯ ಲೆನ್ಸ್.

ಚಿತ್ರ ಕಂಡು ಬೋರಮ್ಮನ ಕಣ್ಣು ತುಂಬಿತು. "ಥೇಟ್ ನಮ್ಮವ್ವ! ಅವಳದೊಂದು ಫೋಟೊನೂ ಇರ್ಲಿಲ್ಲ ಕಣವ್ವ."